ಮೊದಲು ಮಷೀನ್‌ಗೆ ನಾವು ಕಲಿಸಿದೆವು

ನನ್ನ ಎಐ ತರಬೇತಿಯ ಮೊದಲ ದಿನ ಯಾರೂ ಫೋನ್ ಹೊರಗೆ ತೆಗೆಯುವುದಿಲ್ಲ. ಬರುವಾಗ ಮೆಣಸಿನಕಾಯಿ ತರಲು ಹೇಳಿರುತ್ತೇನೆ. ಬ್ಯಾಡಗಿಯಲ್ಲಿ ಅದಕ್ಕೇನು ಕೊರತೆ! ಒಂದು ತಟ್ಟೆಯಲ್ಲಿ ನಮ್ಮೂರ ಕಾಯಿ, ಇನ್ನೊಂದರಲ್ಲಿ ಗುಂಟೂರು ಕಾಯಿ.

ಬರುವವರೆಲ್ಲ ಸಂಘದ ಹೆಣ್ಣುಮಕ್ಕಳು. ಕೆಲವರು ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಕೆಲವರು ಖಾರಪುಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಎರಡೂ ಕಾಯಿಯನ್ನು ಕಣ್ಣು ಮುಚ್ಚಿ, ಬರೀ ಮುಟ್ಟಿ ಗುರುತಿಸುವವರು. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರಿನದು ನುಣುಪು, ಖಾರ ಜೋರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಇದು ಈ ಊರ ಕಡೆಯದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಕಾಯಿಯನ್ನು ಬೆರಳಲ್ಲೇ ಬಲ್ಲವರು, 'ನಮಗೇನೂ ಬರೂದಿಲ್ರೀ' ಅನ್ನುತ್ತಾ ಗೋಡೆ ಕಡೆ ಸರಿದು ಕೂರುತ್ತಾರೆ. ನನಗೆ ತಡೆಯಲಾಗದ ಮಾತು ಅದೊಂದೇ. ಅದಕ್ಕೇ ಮೊದಲ ದಿನ ಅವರನ್ನೇ ಮೇಷ್ಟ್ರು ಮಾಡುತ್ತೇನೆ.

ಗೂಗಲ್‌ನ ಟೀಚೇಬಲ್ ಮಷೀನ್ ಅಂತ ಒಂದು ವೆಬ್‌ಸೈಟ್ ಇದೆ, ಫೋಟೋ ತೋರಿಸಿ ಮಷೀನ್‌ಗೆ ಗುರುತು ಹಿಡಿಯಲು ಕಲಿಸುವಂಥದ್ದು. ದುಡ್ಡಿಲ್ಲ, ಲಾಗಿನ್ ಬೇಡ. ಕ್ಯಾಮೆರಾ ಇರುವ ಒಂದು ಲ್ಯಾಪ್‌ಟಾಪ್, ಫೋನಿನ ಹಾಟ್‌ಸ್ಪಾಟ್ ಇದ್ದರೆ ಸಾಕು. ಅದರಲ್ಲಿ ಎರಡು ಕಾಯಿಗೆ ಎರಡು ಗುಂಪು ಮಾಡಿ ಕನ್ನಡದಲ್ಲೇ ಹೆಸರು ಕೊಡುತ್ತೇವೆ. ಕಾಯಿಯನ್ನು ಕ್ಯಾಮೆರಾ ಮುಂದೆ ಹಿಡಿದು, ಬಟನ್ ಒತ್ತಿ ಹಿಡಿದರೆ ಸರಸರ ಫೋಟೋ ಬೀಳುತ್ತವೆ. ಆಮೇಲೆ ಟ್ರೇನ್ ಬಟನ್. ಸ್ವಲ್ಪ ಹೊತ್ತಿಗೆ ಮಷೀನ್ ತಯಾರು. ಕಾಯಿ ತೋರಿಸಿದರೆ ಯಾವುದು ಅಂತ ಹೇಳುತ್ತದೆ, ಎಷ್ಟು ಪರ್ಸೆಂಟ್ ಖಾತ್ರಿ ಅನ್ನುವುದನ್ನೂ ಸೇರಿಸಿ. ನಾವಾಗಿ ಸೇವ್ ಮಾಡದ ಹೊರತು ಫೋಟೋ ಆ ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಫೋಟೋ ಅಂದರೆ ನಮ್ಮವರಿಗೆ ಹೆದರಿಕೆ ಇದ್ದೇ ಇರುತ್ತದೆ.

ಫೋಟೋ ತೆಗೆಸುವಾಗ ಬೇಕಂತಲೇ ಒಂದು ಕೆಲಸ ಮಾಡುತ್ತೇನೆ. ಬ್ಯಾಡಗಿ ಕಾಯಿಯನ್ನೆಲ್ಲ ಬಿಳಿ ಬಟ್ಟೆ ಮೇಲೆ, ಗುಂಟೂರು ಕಾಯಿಯನ್ನೆಲ್ಲ ಹಳೇ ಪೇಪರ್ ಮೇಲೆ ಇಡಿಸುತ್ತೇನೆ. ಕಲಿಸಿ ಮುಗಿದ ಮೇಲೆ ಅದಲುಬದಲು. ಪೇಪರ್ ಮೇಲೆ ಕೂತ ಬ್ಯಾಡಗಿ ಕಾಯಿಗೆ ಮಷೀನ್ 'ಗುಂಟೂರು' ಅಂದುಬಿಡುತ್ತದೆ, ಅದೂ ನೂರಕ್ಕೆ ತೊಂಬತ್ತರ ಮೇಲೆ ಖಾತ್ರಿಯಿಂದ. ಎಲ್ಲರೂ ಲ್ಯಾಪ್‌ಟಾಪ್‌ಗೆ ಮುಖ ತಂದು ನೋಡುತ್ತಾರೆ. ಒಮ್ಮೆ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಥಟ್ಟನೆ ಅಂದರು: 'ಅಯ್ಯ, ಇದು ಕಾಯಿ ನೋಡೇ ಇಲ್ರೀ ಅಕ್ಕಾರ, ಕೆಳಗಿನ ಪೇಪರ್ ನೋಡೇತಿ!'

ಇಷ್ಟೇ ನನಗೆ ಬೇಕಾದದ್ದು. ಏನು ತೋರಿಸಿದ್ದೇವೋ ಅದರಿಂದಷ್ಟೇ ಅದು ಕಲಿಯುತ್ತದೆ. ತಪ್ಪು ಹೇಳುವಾಗಲೂ ಅದರ ದನಿ ಗಟ್ಟಿಯಾಗೇ ಇರುತ್ತದೆ. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಆಮೇಲೆ ಅವರೇ ದಾರಿ ಹುಡುಕುತ್ತಾರೆ. ಚೀಲದ ಮೇಲೆ, ಅಂಗೈ ಮೇಲೆ, ಕಿಟಕಿ ಬೆಳಕಲ್ಲಿ, ನೆರಳಲ್ಲಿ ಎರಡೂ ಕಾಯಿಯ ಫೋಟೋ ತೆಗೆದು ಮತ್ತೆ ಕಲಿಸುತ್ತಾರೆ. ಮಷೀನ್ ಸುಧಾರಿಸುತ್ತದೆ. ಗೋಡೆ ಪಕ್ಕ ಯಾರೂ ಉಳಿದಿರುವುದಿಲ್ಲ.

ಫೋನ್ ಬರುವುದು ಎರಡನೇ ದಿನ. ಅಲ್ಲಿ ಕಷ್ಟ ಬೇರೆ ಥರದ್ದು. ಫೋನ್ ಮಗನ ಕೈಯಲ್ಲಿರುತ್ತದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಇಬ್ಬರಿಗೆ ಒಂದು ಫೋನ್ ಅಂತ ಮೊದಲೇ ಜೋಡಿ ಮಾಡಿಟ್ಟಿರುತ್ತೇನೆ. ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಗೂಗಲ್‌ನ ಎಐ, ಜೆಮಿನಿ ಆಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡದಲ್ಲೂ ಬಂತು. ಮೈಕ್ ಒತ್ತಿ ಮಾತಾಡಿದರೆ ಆಯಿತು, ಟೈಪ್ ಮಾಡಲು ಬಾರದವರೂ ಹಿಂದೆ ಬೀಳುವುದಿಲ್ಲ.

ರೊಟ್ಟಿ ಮಾರುವ ಒಬ್ಬರು ಪ್ಯಾಕೆಟ್ ಮೇಲೆ ಹಾಕಲು ಬರೆದುಕೊಡು ಅಂತ ಜೆಮಿನಿಗೆ ಕೇಳಿದರು. 'ಪೌಷ್ಟಿಕಾಂಶಭರಿತ ಸಾಂಪ್ರದಾಯಿಕ ಖಾದ್ಯ' ಅಂತ ಶುರುವಾಯಿತು. 'ಹಿಂಗ ಯಾರ್ ಮಾತಾಡ್ತಾರ್ರೀ?' ಅಂದರು. ಹಾಗಾದರೆ ಬಿಡಿಸಿ ಹೇಳಿ ಅಂದೆ. ಬಿಳಿಜೋಳದ ಹಿಟ್ಟು, ಕೈಯಲ್ಲಿ ಬಡಿದದ್ದು, ಕೊಳ್ಳುವವರು ಹುಬ್ಬಳ್ಳಿಯ ಹಾಸ್ಟೆಲ್ ಹುಡುಗರು, ನಾಲ್ಕೇ ಸಾಲು ಸಾಕು. ಈ ಸಲ ಮಾತು ಹದಕ್ಕೆ ಬಂತು. ಆದರೆ ಕೆಳಗೆ 'ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ' ಅಂತ ಒಂದು ಸಾಲು, ಅದರ ಕೆಳಗೆ ಆಹಾರ ಮಾರುವವರಿಗೆ ಸರ್ಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್! ನಾವು ಕೊಟ್ಟಿರದ ನಂಬರ್. ಅವರ ನೋಂದಣಿ ಇನ್ನೂ ಆಗಿರಲೇ ಇಲ್ಲ. ಪಕ್ಕದಲ್ಲಿದ್ದವರು ತಕ್ಷಣ ಹಿಡಿದರು: 'ಇದೂ ಪೇಪರ್ ನೋಡೇತಿ ಬಿಡ್ರಿ.' ಎರಡೂ ಸಾಲು ಅಲ್ಲೇ ಅಳಿಸಿಹೋದವು. ನಿನ್ನೆಯ ಪಾಠ ಇಂದು ಹೀಗೆ ಕೈಗೆ ಬಂದಾಗ ನನಗಾಗುವ ಖುಷಿ ದೊಡ್ಡದು.

ಕಾಯಿಯ ಇವತ್ತಿನ ರೇಟು ಎಐಗೆ ಕೇಳಬೇಡಿ, ಎಪಿಎಂಸಿಯಲ್ಲೇ ಕೇಳಿ ಅನ್ನುತ್ತೇನೆ. ಗೃಹಲಕ್ಷ್ಮಿಯ 2000 ರೂಪಾಯಿ ಯಾಕೆ ಬಂದಿಲ್ಲ ಅನ್ನುವುದಕ್ಕೂ ಅಲ್ಲಿ ಉತ್ತರವಿಲ್ಲ. ಅರ್ಜಿ ಬರೆಸಿಕೊಳ್ಳಬಹುದು, ಆಧಾರ್ ನಂಬರ್ ಮತ್ತು ಪಾಸ್‌ಬುಕ್ ಫೋಟೋ ಮಾತ್ರ ಹಾಕಬಾರದು. ಎಐ ದನಿಯನ್ನೂ ನಕಲು ಮಾಡುತ್ತದೆ; ಮಗನ ದನಿಯಲ್ಲೇ ಕರೆ ಬಂದು ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ, ಮಗನ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಈ ನಂಬರನ್ನು ಎಲ್ಲರ ಫೋನಿನಲ್ಲೂ ನಾನೇ ಕೂತು ಸೇವ್ ಮಾಡಿಸುತ್ತೇನೆ.

ನಿಮ್ಮೂರಲ್ಲೂ ಶುರು ಮಾಡುವುದಾದರೆ ಎರಡು ಮಾತು. ಬೆಳಿಗ್ಗೆ ಹನ್ನೊಂದರ ಮೇಲೆ ಇಡಿ, ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಬಿಡಿ. ಕಾಯಿ ಸುಗ್ಗಿ ಜೋರಿದ್ದಾಗ ಬೇಡವೇ ಬೇಡ, ಒಂದು ದಿನದ ಕೂಲಿ ಬಿಟ್ಟು ಬನ್ನಿ ಅನ್ನುವ ಹಕ್ಕು ನಮಗಿಲ್ಲ. ಮೆಣಸಿನಕಾಯಿಯೇ ಆಗಬೇಕೆಂದೂ ಇಲ್ಲ. ಧಾರವಾಡದ ಕಡೆಯವರಾದರೆ ಕಸೂತಿಯ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆ ತೋರಿಸಿ. ಬಂದವರ ಕೈ ಯಾವುದನ್ನು ಚೆನ್ನಾಗಿ ಬಲ್ಲದೋ ಅದನ್ನು ಕ್ಯಾಮೆರಾ ಮುಂದೆ ಇಡಿಸಿ.