ಹೊಸ ಮರದ ನೆಲಕ್ಕೆ ನಾನು ಬಣ್ಣ ಕೊಟ್ಟ ಬಗೆ

ಹೊಸದಾಗಿ ಹಾಸಿದ ಓಕ್ ನೆಲಕ್ಕೆ ಗಾಢ ಕಂದು ಬಣ್ಣ ಬೇಕಿತ್ತು. ಬಣ್ಣ ಬೆರೆತ ವಾರ್ನಿಷ್ ಬಳಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅದರಲ್ಲಿ ಬಣ್ಣ ಮೇಲಿನ ಪದರದಲ್ಲೇ ಉಳಿಯುತ್ತದೆ. ಕುರ್ಚಿ ಎಳೆದು ಗೀರು ಬಿದ್ದರೆ ಅಡಿಯ ತಿಳಿ ಮರ ಎದ್ದು ಕಾಣುತ್ತದೆ. ಬ್ರಷ್ ಎರಡು ಸಲ ಓಡಿದ ಕಡೆಯೂ ಕಪ್ಪಾಗುತ್ತದೆ. ಅದಕ್ಕೇ ನಾನು ಮೊದಲು ಸ್ಟೇನ್ (ಮರದೊಳಗೆ ಇಳಿದು ಬಣ್ಣ ಕೊಡುವ ದ್ರವ) ಹಚ್ಚಿ, ಮೇಲೆ ಬಣ್ಣವಿಲ್ಲದ ವಾರ್ನಿಷ್ ಕೊಟ್ಟೆ.

ನನ್ನ ಪ್ರಕಾರ ಬಣ್ಣ ಹೇಗೆ ಬರುತ್ತದೆ ಅನ್ನುವುದು ಡಬ್ಬಿ ತೆರೆಯುವ ಮೊದಲೇ, ಉಜ್ಜುವಾಗಲೇ ತೀರ್ಮಾನವಾಗುತ್ತದೆ. 60, 80, 100 ನಂಬರಿನ ಸ್ಯಾಂಡ್ ಪೇಪರ್ ಸಾಲಾಗಿ ಬಳಸಿ ಅಲ್ಲಿಗೇ ನಿಲ್ಲಿಸಿದೆ. ಇನ್ನೂ ನುಣುಪಾಗಲಿ ಅಂತ 180, 220ರವರೆಗೆ ಹೋದರೆ ಮರ ಸ್ಟೇನನ್ನು ಸರಿಯಾಗಿ ಕುಡಿಯುವುದಿಲ್ಲ, ಬಣ್ಣ ಪೇಲವ ಆಗುತ್ತದೆ. ದೊಡ್ಡ ಯಂತ್ರ ಗೋಡೆಯ ಅಂಚಿಗೆ ಹೋಗುವುದಿಲ್ಲ ಅಲ್ವಾ? ಅಲ್ಲಿ ಚಿಕ್ಕ ಯಂತ್ರದಿಂದ, ಮೂಲೆಗಳಲ್ಲಿ ಕೈಯಿಂದ, ಅದೇ ನಂಬರಿಗೆ ತಂದು ಮುಗಿಸಬೇಕು. ಇಲ್ಲದಿದ್ದರೆ ಕೋಣೆಯ ಸುತ್ತ ಫೋಟೋ ಚೌಕಟ್ಟಿನ ಹಾಗೆ ಬೇರೆ ಬಣ್ಣದ ಪಟ್ಟಿ ಮೂಡುತ್ತದೆ. ದೀಪವನ್ನು ನೆಲದ ಮೇಲಿಟ್ಟು ಅಡ್ಡ ಬೆಳಕಿನಲ್ಲಿ ನೋಡಿದೆ. ಸುಮ್ನೆ ನಿಂತು ನೋಡಿದರೆ ಕಾಣದ ಗೆರೆಗಳೆಲ್ಲ ಹಾಗೆ ಕಾಣಿಸುತ್ತವೆ. ಸ್ಟೇನ್ ಬಿದ್ದಮೇಲೆ ಅವು ಇನ್ನೂ ಜಾಸ್ತಿ ಎದ್ದುಬರುತ್ತವೆ.

ನೆಲಕ್ಕೆ ಹಾಸಿ ಮಿಕ್ಕಿದ್ದ ಹಲಗೆಗಳನ್ನೂ ಹಾಗೇ ಉಜ್ಜಿ, ಮೂರ್ನಾಲ್ಕು ಬಣ್ಣ ಹಚ್ಚಿ ನೋಡಿದೆ. ಅದರ ಮೇಲೆ ವಾರ್ನಿಷ್ ಕೂಡ ಹಾಕಲೇಬೇಕು. ಎಣ್ಣೆ ಆಧಾರಿತ ವಾರ್ನಿಷ್ ಹಳದಿ ಛಾಯೆ ಕೊಡುತ್ತದೆ, ನೀರು ಆಧಾರಿತದ್ದು ಹೆಚ್ಚುಕಡಿಮೆ ಇದ್ದ ಬಣ್ಣವನ್ನೇ ಉಳಿಸುತ್ತದೆ. ನಿಮ್ಮದು ಮೇಪಲ್ ಅಥವಾ ಪೈನ್ ಆಗಿದ್ದರೆ ಈ ಪರೀಕ್ಷೆ ಬಿಡಲೇಬೇಡಿ. ಅವು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕುಡಿದು ಮಚ್ಚೆ ಮಚ್ಚೆಯಾಗುತ್ತವೆ.

ಹಚ್ಚುವ ದಿನ ಇಬ್ಬರಿರಬೇಕು. ಡಬ್ಬಿಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು, ತಳದಲ್ಲಿ ಕೂತ ಬಣ್ಣ ಏಳುವಂತೆ ಕಲಕಿದೆವು. ಒಂದು ಸಲಕ್ಕೆ ನಾಲ್ಕೈದು ಹಲಗೆ, ಈ ಗೋಡೆಯಿಂದ ಆ ಗೋಡೆಯವರೆಗೆ. ನಾನು ಹಚ್ಚುತ್ತಾ ಹೋದೆ, ಇನ್ನೊಬ್ಬರು ಹಿಂದೆಯೇ ಮರದ ಎಳೆಯ ಉದ್ದಕ್ಕೆ ಒರೆಸುತ್ತಾ ಬಂದರು. ಒರೆಸದೆ ಬಿಟ್ಟ ಸ್ಟೇನ್ ಅಂಟಂಟಾಗಿ ಉಳಿದು, ಮೇಲಿನ ವಾರ್ನಿಷ್ ಹಿಡಿಯುವುದಿಲ್ಲ.

ಒರೆಸಿದ ಬಟ್ಟೆಗಳ ಬಗ್ಗೆ ಮಾತ್ರ ಬಹಳ ಎಚ್ಚರ. ಎಣ್ಣೆ ಸ್ಟೇನ್ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನಾವು ಹೊರಗೆ ಒಂದೊಂದನ್ನೂ ಬಿಡಿಸಿ ಒಣಗಿಸಿದೆವು.

ಸ್ಟೇನ್ ಪೂರ್ತಿ ಒಣಗಿದ ಮೇಲೆ ವಾರ್ನಿಷ್, ಒಟ್ಟು ಮೂರು ಕೋಟ್. ಸ್ಟೇನ್ ಮೇಲೆ ನೇರವಾಗಿ ಸ್ಯಾಂಡ್ ಪೇಪರ್ ಆಡಿಸಲಿಲ್ಲ, ಬಣ್ಣ ಕಿತ್ತುಬರುತ್ತದೆ. ಮೊದಲ ಕೋಟ್ ಒಣಗಿದ ಮೇಲೂ 220ರಲ್ಲಿ ತೀರಾ ಹಗುರವಾಗಿ, ಅಂಚುಗಳಲ್ಲಿ ಕೈ ಇನ್ನೂ ತಡೆದು ಉಜ್ಜಿದೆ.