ಸರ್ಜರಿ ಈಗಲೇ ಮಾಡಿಸೋದಾ, ಕಾಯೋದಾ? ನಾನು ಲೆಕ್ಕ ಹಾಕಿದ ರೀತಿ

ನಾನು ಟ್ರಾನ್ಸ್ ಮ್ಯಾನ್, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡ ಗಂಡಸು. ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ. ಈಗಷ್ಟೇ ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್) ಶುರು ಮಾಡಿದ ನನ್ನಂಥ ಹುಡುಗರು ಸಿಕ್ಕಾಗೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ: "ಅಣ್ಣಾ, ಸರ್ಜರಿ ಈಗಲೇ ಮಾಡಿಸಲಾ? ಇನ್ನೊಂದು ಹತ್ತು ವರ್ಷ ತಡೆದರೆ ಅಂಗವನ್ನು ಲ್ಯಾಬಲ್ಲೇ ಬೆಳೆಸಿ ಕೊಡ್ತಾರಂತಲ್ಲಾ?"

ಹೀಗೆ ಕೇಳಿದರೆ ಉತ್ತರ ಹೇಳೋಕಾಗಲ್ಲ. ಸರ್ಜರಿ ಅನ್ನೋದು ಒಂದಲ್ಲ. ಎದೆಯದು ಬೇರೆ, ಗರ್ಭಕೋಶದ್ದು ಬೇರೆ, ಕೆಳಗಿನದು ಬೇರೆ. ಒಂದೊಂದಕ್ಕೂ ನಾನು ಎರಡು ಪ್ರಶ್ನೆ ಹಾಕಿಕೊಂಡೆ. ಕಾಯುವಷ್ಟು ದಿನ ನನ್ನ ಮೈ ಏನು ಅನುಭವಿಸಬೇಕು? ಈಗ ಮಾಡಿಸಿದರೆ ಮುಂದೆ ಬರುವ ಒಳ್ಳೆಯದಕ್ಕೆ ದಾರಿ ಮುಚ್ಚುತ್ತದಾ? ಕಾಗದ ಪತ್ರದ ಚಿಂತೆಯನ್ನು ಈ ಲೆಕ್ಕದಲ್ಲಿ ಸೇರಿಸಲೇ ಇಲ್ಲ. ನಮ್ಮ ಗುರುತಿಗೆ ಸರ್ಜರಿ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಟ್ರಾನ್ಸ್ ಜನರ ಹಕ್ಕಿನ ಬಗ್ಗೆ ಕೊಟ್ಟ 2014ರ ನಾಲ್ಸಾ ತೀರ್ಪಿನಲ್ಲೇ ಹೇಳಿತ್ತು.

ಎದೆಯ ವಿಷಯದಲ್ಲಿ, ಅಂದರೆ ಮೊಲೆ ತೆಗೆಸಿ ಎದೆ ಚಪ್ಪಟೆ ಮಾಡಿಸುವುದರಲ್ಲಿ, ತಲೆ ಕೆಡಿಸಿಕೊಳ್ಳಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಬೈಂಡರ್ (ಎದೆ ಚಪ್ಪಟೆ ಕಾಣಲು ಹಾಕುವ ಬಿಗಿ ಒಳಉಡುಪು) ಬಿಗಿದುಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬಸ್ಸಿನೊಳಗೆ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂಕುಳ ಕೆಳಗೆ ಚರ್ಮ ಕಿತ್ತು ಬರುತ್ತಿತ್ತು, ಪಕ್ಕೆ ನೋಯುತ್ತಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಪೂರ್ತಿ ಎಳೆಯೋಕಾಗುತ್ತಿರಲಿಲ್ಲ. ವರ್ಷಗಟ್ಟಲೆ ಬಿಗಿದರೆ ಚರ್ಮ ಸಡಿಲವಾಗಿ, ಮುಂದೆ ಸರ್ಜರಿಯೂ ಅಷ್ಟು ಚೆನ್ನಾಗಿ ಕೂರದೆ ಹೋಗಬಹುದು. ಕಾಯೋಕೆ ಕಾರಣ ಇರಲೇ ಇಲ್ಲ ಅಂತಲ್ಲ. ನನಗೆ ಮಾಡಿದ ವಿಧಾನದಲ್ಲಿ ಮೊಲೆತೊಟ್ಟನ್ನು ತೆಗೆದು, ಚಿಕ್ಕದು ಮಾಡಿ, ಮತ್ತೆ ಕೂರಿಸುತ್ತಾರೆ. ಅಲ್ಲಿ ಸ್ಪರ್ಶ ಬಹುಮಟ್ಟಿಗೆ ಹೋಗುತ್ತದೆ. ಹೊರದೇಶದ ಕೆಲವು ಕಡೆ ನರವನ್ನು ಮತ್ತೆ ಜೋಡಿಸುವ ಪ್ರಯತ್ನ ನಡೆದಿದೆ. ಆದರೆ ಅಷ್ಟಕ್ಕೋಸ್ಕರ ಇನ್ನೂ ಎಷ್ಟು ಬೇಸಿಗೆ ಬೈಂಡರ್ ಹಾಕೋದು? ಚೀಟಿ ದುಡ್ಡು ಎತ್ತಿ ಮಾಡಿಸಿಕೊಂಡೆ.

ಆಮೇಲಿನ ವಾರದ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಎರಡೂ ಪಕ್ಕೆಯಿಂದ ಒಂದೊಂದು ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ಒಂದು ಬಲ್ಬು. ಅದನ್ನು ಹಿಂಡಿ ಮುಚ್ಚಳ ಹಾಕಿದರೆ ಒಳಗಿನ ನೀರನ್ನು ಎಳೆದುಕೊಳ್ಳುತ್ತೆ. ಬೆಳಿಗ್ಗೆ, ಸಂಜೆ ಅಕ್ಕ ಅದನ್ನು ಔಷಧದ ಅಳತೆ ಲೋಟಕ್ಕೆ ಬಗ್ಗಿಸಿ, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡುತ್ತಿದ್ದಳು. "ಸುಮ್ನೆ ಮಲಗೋ, ಕೈ ಎತ್ತಬೇಡ" ಅಂತ ಗದರುವುದು ಬೇರೆ. ಮೊದಲು ಕೆಂಪಗಿದ್ದದ್ದು ಆಮೇಲೆ ತಿಳಿ ಹಳದಿಯಾಯಿತು. ಅಳತೆ ಇಳಿದ ಮೇಲೆ ಡಾಕ್ಟರು ಕೊಳವೆ ತೆಗೆದರು. ಜೊತೆಗೆ ಒಬ್ಬರು ಇಲ್ಲದೆ ಈ ಸರ್ಜರಿಗೆ ಹೋಗಬೇಡಿ.

ಗರ್ಭಕೋಶ ತೆಗೆಸಿದೆ. ಒಂದು ಅಂಡಾಶಯ ಮಾತ್ರ ಉಳಿಸಿಕೊಂಡೆ. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೆಲವೊಮ್ಮೆ ಅಂಗಡಿಯಲ್ಲಿ ಸಿಗೋದೇ ಇಲ್ಲ. ಅಂಡಾಶಯ ಎರಡೂ ತೆಗೆಸಿ, ದೇಹದಲ್ಲಿ ಗಂಡು, ಹೆಣ್ಣು ಯಾವ ಹಾರ್ಮೋನೂ ಇಲ್ಲದೆ ತಿಂಗಳುಗಟ್ಟಲೆ ಕಳೆದರೆ ಮೂಳೆ ಸವೆಯುತ್ತದೆ. ಅಂಡಾಣು ಉಳಿಯುವುದರಿಂದ ಮಗುವಿನ ಬಾಗಿಲೂ ಪೂರ್ತಿ ಮುಚ್ಚಿದ ಹಾಗಾಗುವುದಿಲ್ಲ ಅನ್ನೋದು ಇನ್ನೊಂದು ಕಾರಣ.

ನಾನು ಕಾಯುತ್ತಿರುವುದು ಕೆಳಗಿನದಕ್ಕೆ, ಅಂದರೆ ಮೈಯ ಬೇರೆ ಕಡೆಯ ಚರ್ಮದಿಂದ ಶಿಶ್ನ ಕಟ್ಟುವ ಫ್ಯಾಲೋಪ್ಲಾಸ್ಟಿಗೆ. ಒಬ್ಬ ಸರ್ಜನ್ ಹತ್ತಿರ ಮಾತಾಡಲು ಹೋಗಿದ್ದೆ. ಅವರು ನನ್ನ ಎಡಗೈ ಹಿಡಿದು, ಮುಷ್ಟಿ ಬಿಗಿಯಲು ಹೇಳಿ, ಮಣಿಕಟ್ಟಿನ ಎರಡೂ ರಕ್ತನಾಳಗಳನ್ನು ಒತ್ತಿ ಹಿಡಿದರು. ಕೈ ಬಿಚ್ಚಿದಾಗ ಅಂಗೈ ಬೆಳ್ಳಗೆ. ಕಿರುಬೆರಳ ಕಡೆಯದನ್ನು ಮಾತ್ರ ಬಿಟ್ಟರು. ನೋಡನೋಡುತ್ತಲೇ ಅಂಗೈಗೆ ಬಣ್ಣ ಬಂತು. "ಈ ಕೈ ಆಗುತ್ತೆ. ಬರೆಯೋದು ಬಲಗೈಯಲ್ಲಿ ತಾನೇ?" ಎಂದರು. ಹೆಬ್ಬೆರಳ ಕಡೆಯ ರಕ್ತನಾಳ, ನರ, ಚರ್ಮ ಎಲ್ಲ ಸೇರಿಸಿ ಮುಂಗೈಯಿಂದ ತೆಗೆದು ಕೆಳಗೆ ಜೋಡಿಸುತ್ತಾರೆ. ಆ ರಕ್ತನಾಳವಿಲ್ಲದೆ ಕೈ ಬದುಕುತ್ತದಾ ಎಂದು ನೋಡಿದ್ದು ಅದು. ಒಮ್ಮೆ ಬಳಸಿದ ಮುಂಗೈ ಮತ್ತೆ ಸಿಗಲ್ಲ. ನನ್ನ ಎರಡನೇ ಪ್ರಶ್ನೆ ಇಲ್ಲಿ ನಿಜವಾಗಿ ಕಚ್ಚಿತು.

ಹಾಗಂತ ಲ್ಯಾಬಿನ ಅಂಗಕ್ಕೆ ಕಾಯುತ್ತಿಲ್ಲ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಮೊಲಗಳಿಗೆ ಶಿಶ್ನದ ಒಳಗಿನ ಅಂಗಾಂಶ ಬೆಳೆಸಿ ಹಾಕಿದ್ದು 2009ರ ಸುದ್ದಿ. ಆ ಮೊಲಗಳಿಗೆ ಮರಿಗಳೂ ಆದವು. ಮನುಷ್ಯರ ಸರದಿ ಇನ್ನೂ ಬಂದಿಲ್ಲ. ಸತ್ತವರ ಶಿಶ್ನ ತಂದು ಜೋಡಿಸುವ ಕಸಿಯ ಕಥೆಯೂ ಅಷ್ಟೆ. 2014ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಒಂದು ಯಶಸ್ವಿಯಾಯಿತು, 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗಾಯಗೊಂಡ ಸೈನಿಕನಿಗೆ ಮಾಡಿದರು. ಅವರಿಗೆಲ್ಲ ಜೋಡಿಸಲು ಹಳೆಯ ಮೂತ್ರನಾಳ, ನರ, ರಕ್ತನಾಳದ ತುದಿಗಳಿದ್ದವು. ನಮ್ಮ ದೇಹದ ರಚನೆ ಬೇರೆ. ಮೇಲಾಗಿ ದೇಹ ಕಸಿಯನ್ನು ತಿರಸ್ಕರಿಸದಿರಲು ಜೀವನಪೂರ್ತಿ ಮಾತ್ರೆ ನುಂಗಬೇಕು.

ಫ್ಯಾಲೋಪ್ಲಾಸ್ಟಿ ಮುಂದೆ ಹೋಗುವ ವೇಗವನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಹೆರಾಲ್ಡ್ ಗಿಲ್ಲೀಸ್ ಎಂಬ ಸರ್ಜನ್ 1946ರಲ್ಲಿ ಮೈಕಲ್ ಡಿಲನ್ ಎಂಬ ಟ್ರಾನ್ಸ್ ಮ್ಯಾನ್‌ಗೆ ಇದನ್ನು ಶುರು ಮಾಡಿದರು. (ಆ ಡಿಲನ್ ಆಮೇಲೆ ನಮ್ಮ ದೇಶಕ್ಕೇ ಬಂದು ಬೌದ್ಧ ಸನ್ಯಾಸಿಯಾಗಿ, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು.) ಮುಂಗೈ ಬಳಸುವ ವಿಧಾನವನ್ನು ಚೀನಾದ ಸರ್ಜನ್‌ಗಳು ಪ್ರಕಟಿಸಿದ್ದು 1984ರಲ್ಲಿ. ಈಗಲೂ ಹೆಚ್ಚು ನಡೆಯುವುದು ಅದೇ. ದೊಡ್ಡ ಜಿಗಿತಕ್ಕೆ ಇಷ್ಟು ವರ್ಷ ಹಿಡಿದಿರುವಾಗ ಇನ್ನು ಹತ್ತು ವರ್ಷಕ್ಕೆ ಪವಾಡ ಆಗುತ್ತೆ ಅಂತ ನಂಬಿ ಕೂರೋದು ನನ್ನಿಂದಾಗಲ್ಲ.

ಮತ್ತೆ ಯಾವುದಕ್ಕೆ ಕಾಯೋದು? ಸಣ್ಣ ಸುಧಾರಣೆಗಳಿಗೆ. ಹೊಸ ಮೂತ್ರನಾಳ ಸೋರುವುದು, ಕಟ್ಟಿಕೊಳ್ಳುವುದು ಈಗ ತುಂಬಾ ಸಾಮಾನ್ಯ. ಅದಕ್ಕೆ ಮತ್ತೆ ಮತ್ತೆ ಆಪರೇಷನ್. ಬಿಗಿತಕ್ಕೆ ಒಳಗೆ ಇಂಪ್ಲಾಂಟ್ ಹಾಕಬೇಕು, ಅದೂ ಸ್ಪರ್ಶ ಬಂದ ಮೇಲೆ. ಬಹುತೇಕ ಇಂಪ್ಲಾಂಟುಗಳನ್ನು ಮಾಡಿರುವುದು ಟ್ರಾನ್ಸ್ ಅಲ್ಲದ ಗಂಡಸರ ದೇಹಕ್ಕೆ. ಸ್ವಿಟ್ಜರ್ಲೆಂಡಿನ ಒಂದು ಕಂಪನಿ ಟ್ರಾನ್ಸ್ ಪುರುಷರಿಗೆಂದೇ ಬೇರೆ ಮಾದರಿ ತಂದಿದೆ. ಇಂಥವು ಇನ್ನಷ್ಟು ಪಕ್ವವಾಗಲಿ, ಇದೇ ಕೆಲಸವನ್ನು ಜಾಸ್ತಿ ಮಾಡಿ ಕೈ ಪಳಗಿದ ಸರ್ಜನ್‌ಗಳು ನಮ್ಮಲ್ಲಿ ಹೆಚ್ಚಲಿ ಅಂತ ತಡೆದಿದ್ದೇನೆ. ನನಗೆ ಬೈಂಡರ್ ಕೊಟ್ಟ ಹಿಂಸೆಯನ್ನು ಕೆಳಗಿನದು ಇಲ್ಲದಿರುವುದು ಕೊಡುತ್ತಿಲ್ಲ, ಹಾಗಾಗಿ ತಡೆಯೋಕಾಗುತ್ತಿದೆ. ನನ್ನ ಗೆಳೆಯನಿಗೆ ಆಗಲಿಲ್ಲ. ಕನ್ನಡಿ ಮುಂದೆ ನಿಲ್ಲೋಕೂ ಆಗದ ಸ್ಥಿತಿ ಅವನದು. ಎಲ್ಲ ತೊಡಕು ಗೊತ್ತಿದ್ದೇ ಮಾಡಿಸಿಕೊಂಡ. ಅವನ ಲೆಕ್ಕವೂ ಸರಿಯೇ.

ಕಾಯುವವರು ಕೈಕಟ್ಟಿ ಕೂರಬೇಕಿಲ್ಲ. ಮುಂಗೈ ಚರ್ಮ ಮೂತ್ರನಾಳವಾಗಿ ಒಳಗೆ ಹೋಗುವುದರಿಂದ ಅಲ್ಲಿ ಕೂದಲು ಇರಬಾರದು. ಅದನ್ನು ತೆಗೆಸುವುದಕ್ಕೇ ತಿಂಗಳುಗಟ್ಟಲೆ ಬೇಕು. ಅದಕ್ಕೆ ನಾನು ಲೇಸರ್ ಶುರು ಮಾಡಿದ್ದೇನೆ. ರಕ್ತ ತೆಗೆಯಲು ನರ್ಸ್ ಬಂದರೆ ಬಲಗೈ ಕೊಡುತ್ತೇನೆ. ಸಿಗರೇಟು ಸೇದುವವರು ಇವತ್ತೇ ಬಿಡಿ. ಕೂಡಿಸಿದ ರಕ್ತನಾಳ ಅದಕ್ಕೇ ಕಟ್ಟಿಕೊಳ್ಳಬಹುದು, ಯಾವ ಸರ್ಜನ್ನೂ ಒಪ್ಪಲ್ಲ.