ಉಪ್ಪು ಹಚ್ಚಿಟ್ಟ ಹಂದಿಮಾಂಸ: ಬೆಂಗಳೂರಿನ ಮನೆಯಲ್ಲಿ ಮಾಡುವ, ಬೇಯಿಸುವ ಬಗೆ

ಉಪ್ಪು ಹಚ್ಚಿದ ಹಂದಿಮಾಂಸಕ್ಕೆ ಬೇಕಾಗುವುದು ಮೂರೇ: ಒಳ್ಳೆಯ ಮಾಂಸ, ತೂಕ ಮಾಡಿದ ಉಪ್ಪು, ತಣ್ಣಗಿನ ಜಾಗ. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ಉಪ್ಪನ್ನು ಹಿಡಿಯಲ್ಲೋ ಚಮಚದಲ್ಲೋ ಅಳೆದರೆ ಒಮ್ಮೆ ಬಾಯಿಗಿಡಲಾಗದಷ್ಟು ಉಪ್ಪು, ಇನ್ನೊಮ್ಮೆ ನಾಲ್ಕನೇ ದಿನಕ್ಕೇ ಲೋಳೆ. ಪುಡಿಯುಪ್ಪಿನ ಒಂದು ಚಮಚಕ್ಕೂ ಕಲ್ಲುಪ್ಪಿನ ಒಂದು ಚಮಚಕ್ಕೂ ತೂಕ ಒಂದೇ ಅಲ್ಲ. ಆದ್ದರಿಂದ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪೂರ್ವ ಚೀನಾದ ಮನೆಗಳಲ್ಲಿ ಇದನ್ನು ಚಳಿಗಾಲದಲ್ಲಿ ಉಪ್ಪು ಹಚ್ಚಿ ಹೊರಗೆ ನೇತುಹಾಕುತ್ತಾರೆ. ಅಲ್ಲಿನ ಚಳಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ, ಹಾಗಾಗಿ ನಡೆಯುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಯಲ್ಲೂ 15 ಡಿಗ್ರಿ ಆಸುಪಾಸು ಇರುತ್ತದೆ. ನಮಗೆ ಅದು ಚಳಿ, ಹಸಿ ಮಾಂಸಕ್ಕೆ ಸೆಕೆ. ಬಾಲ್ಕನಿಯಲ್ಲಿ ನೇತುಹಾಕುವ ಯೋಚನೆ ಬಿಟ್ಟುಬಿಡಿ. ಇಲ್ಲಿ ಹೇಳುವುದೆಲ್ಲ 2ರಿಂದ 4 ಡಿಗ್ರಿಯ ಫ್ರಿಜ್ಜಿನ ಲೆಕ್ಕ. ಕೆಳಗಿನ ತಟ್ಟೆಯ ಹಿಂಭಾಗದಲ್ಲಿಡಿ, ಬಾಗಿಲಿನ ಕಡೆ ಬೇಡ. ಕರೆಂಟ್ ಹೋದರೆ ಬಾಗಿಲು ತೆಗೆಯದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ನೂರಿನ್ನೂರು ರೂಪಾಯಿಯ ಥರ್ಮಾಮೀಟರ್ ಒಂದನ್ನು ಒಳಗಿಟ್ಟರೆ ಅನುಮಾನವೇ ಉಳಿಯುವುದಿಲ್ಲ.

ಮಾಂಸ ಆರಿಸುವುದು

ತೊಗಲು ಸಮೇತ ಇರುವ ಹೊಟ್ಟೆ ಭಾಗ, ಅಂಗಡಿಯವರ ಮಾತಿನಲ್ಲಿ ಬೆಲ್ಲಿ, ಇದಕ್ಕೆ ಹೇಳಿಮಾಡಿಸಿದ್ದು. ಕೊಬ್ಬು, ಮಾಂಸ ಪದರ ಪದರವಾಗಿರಬೇಕು. ಕೊಬ್ಬಿಲ್ಲದ ತೊಡೆ ಮಾಂಸ ಉಪ್ಪಿಗೆ ಬಿದ್ದರೆ ಬೆಂದ ಮೇಲೆ ನಾರಾಗುತ್ತದೆ. ಬೆಳಿಗ್ಗೆಯೇ ಅಂಗಡಿಗೆ ಹೋಗಿ, ‘ಅಣ್ಣಾ, ತುಂಡು ಮಾಡಬೇಡಿ, ಪಟ್ಟಿಯಾಗಿ ಕೊಡಿ, ನೀರಲ್ಲಿ ತೊಳೀಬೇಡಿ’ ಎಂದು ಮೊದಲೇ ಹೇಳಿ. ಕತ್ತಿ ಆಡಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಒಂದು ಕಿಲೋ ತೂಕದ, ನಾಲ್ಕೈದು ಸೆಂಟಿಮೀಟರ್ ದಪ್ಪದ ಪಟ್ಟಿ ಸಾಕು. ಮೂಳೆ ಬಿಡಿಸಿರಬೇಕು, ಏಕೆಂದರೆ ಮೂಳೆಯ ಪಕ್ಕಕ್ಕೆ ಉಪ್ಪು ತಡವಾಗಿ ತಲುಪುತ್ತದೆ, ಕೆಡುವುದು ಅಲ್ಲಿಂದಲೇ ಶುರುವಾಗುತ್ತದೆ.

ಮಾಂಸದ ನಡುವೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಅದು ಲಾಡಿಹುಳುವಿನ ಕೋಶ. ಆ ಮಾಂಸವೇ ಬೇಡ. ವಾರದ ಉಪ್ಪಿಗೆ ಆ ಹುಳು ಸಾಯುತ್ತದೆ ಎಂದು ನಂಬುವ ಹಾಗಿಲ್ಲ. ಬೀದಿಯಲ್ಲಿ ಮೇಯುವ ಹಂದಿಯದ್ದಲ್ಲದ, ಫಾರ್ಮಿನ ಮಾಂಸವನ್ನೇ ಕೇಳಿ ತನ್ನಿ. ತೊಗಲಿನ ಮೇಲೆ ಕೂದಲಿನ ಬುಡ ಉಳಿದಿದ್ದರೆ ಗ್ಯಾಸ್ ಉರಿಯಲ್ಲಿ ಸೀಸಿ, ಚಾಕುವಿನಿಂದ ಹೆರೆದು, ಒಣ ಬಟ್ಟೆಯಲ್ಲಿ ಒರೆಸಿ.

ಉಪ್ಪು ಹಚ್ಚುವುದು

ಒಂದು ಕಿಲೋ ಮಾಂಸಕ್ಕೆ 30 ಗ್ರಾಂ ಕಲ್ಲುಪ್ಪು, 10 ಗ್ರಾಂ ಪುಡಿಬೆಲ್ಲ, 5 ಗ್ರಾಂ ಕಾಳುಮೆಣಸು. ಚೀನಾದವರು ಬಳಸುವ ಸಿಚುವಾನ್ ಮೆಣಸಿನ ಹತ್ತಿರದ ನೆಂಟ ನಮ್ಮ ಕರಾವಳಿಯಲ್ಲೇ ಇದೆ: ಜುಮ್ಮನಕಾಯಿ, ಕೊಂಕಣಿಗರ ತೆಪ್ಪಲ. ಅದು ಸಿಕ್ಕರೆ ಏಳೆಂಟು ಕಾಯಿ ಸೇರಿಸಿ. ಒಡೆದ ಕಾಯಿಯೊಳಗಿನ ಕರಿ ಬೀಜವನ್ನು ಉಗುರಿನಿಂದ ತೆಗೆದು ಎಸೆದು ಸಿಪ್ಪೆಯನ್ನಷ್ಟೇ ಬಳಸಬೇಕು. ಬೀಜ ಉಳಿದರೆ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ.

ಉಪ್ಪು, ಮೆಣಸು, ಜುಮ್ಮನಕಾಯಿ ಮೂರನ್ನೂ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಉಪ್ಪು ಚಟಪಟ ಸಿಡಿದು ತುಸು ಹಳದಿ ತಿರುಗಿ ಘಮ ಬಂದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಕುಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ಬೆಲ್ಲ ಬೆರೆಸಿ. ಬಿಸಿ ಉಪ್ಪನ್ನು ಹಚ್ಚಿದರೆ ಮಾಂಸದ ಮೇಲ್ಮೈ ಬೆಚ್ಚಗಾಗುತ್ತದೆ, ನಮಗೆ ಬೇಕಾದದ್ದಕ್ಕೆ ತೀರಾ ಉಲ್ಟಾ.

ಎಲ್ಲ ಬದಿಗೂ, ಪದರದ ಸಂದಿಗೂ ತಿಕ್ಕಿ. ತೊಗಲಿನ ಮೂಲಕ ಉಪ್ಪು ಅಷ್ಟಾಗಿ ಇಳಿಯುವುದಿಲ್ಲ, ಮುಕ್ಕಾಲು ಪಾಲು ಮಾಂಸದ ಬದಿಗೇ ಇರಲಿ. ತಟ್ಟೆಗೆ ಉದುರಿದ ಉಪ್ಪನ್ನೂ ಬಳಿದು ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಮೊದಲೆರಡು ದಿನ ನೀರು ಬಿಡುತ್ತದೆ. ಅದನ್ನು ಚೆಲ್ಲಬೇಡಿ. ಅಳತೆ ಮಾಡಿ ಹಾಕಿದ ಉಪ್ಪು ಆ ನೀರಿನಲ್ಲೇ ಕರಗಿರುತ್ತದೆ, ಮತ್ತೆ ಒಳಗೆ ಹೋಗಬೇಕಾದದ್ದು ಅದೇ. ದಿನಕ್ಕೊಮ್ಮೆ ಕವರನ್ನು ಮಗುಚಿಡಿ. ದಪ್ಪ ಎಷ್ಟು ಸೆಂಟಿಮೀಟರೋ ಅಷ್ಟು ದಿನ, ಮೇಲೆ ಎರಡು ದಿನ. ಐದು ಸೆಂಟಿಮೀಟರಿಗೆ ಏಳು ದಿನ. ಉಪ್ಪು ತೂಕದಲ್ಲೇ ಇರುವುದರಿಂದ ಇನ್ನೆರಡು ದಿನ ಹೆಚ್ಚಾದರೂ ಉಪ್ಪಾಗುವುದಿಲ್ಲ. ಕಡಿಮೆಯಾದರೆ ಮಾತ್ರ ನಡು ಹಸಿಯಾಗಿಯೇ ಉಳಿಯುತ್ತದೆ.

ಆಮೇಲೆ ಹೊರತೆಗೆದು, ತೊಳೆಯದೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಜಾಲರಿಯ ಮೇಲೆ ಮುಚ್ಚಳವಿಲ್ಲದೆ ಫ್ರಿಜ್ಜಿನಲ್ಲೇ ಒಂದೆರಡು ದಿನ ಒಣಗಲು ಬಿಡಿ. ತಯಾರಾದ ತುಂಡನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರುತ್ತದೆ, ಮೇಲ್ಮೈ ಒಣಗಿ ಕಪ್ಪುಗೆಂಪಾಗಿರುತ್ತದೆ. ಕತ್ತರಿಸಿದಾಗ ಒಳಗೆ ಕಂದು ಬಣ್ಣ ಕಂಡರೆ ಗಾಬರಿ ಬೇಡ, ಅಂಗಡಿಯ ಬೇಕನ್ನಿನ ಗುಲಾಬಿ ಬಣ್ಣ ಬರುವುದು ಮಾಂಸ ಕೆಡದಿರಲು ಬೆರೆಸುವ ನೈಟ್ರೈಟ್ ಎಂಬ ರಾಸಾಯನಿಕದಿಂದ. ಹುಳಿ ವಾಸನೆ, ಅಂಟು ಲೋಳೆ, ಹಸಿರು ಛಾಯೆ, ಈ ಮೂರರಲ್ಲಿ ಒಂದಿದ್ದರೂ ಪೂರ್ತಿ ತುಂಡನ್ನು ಎಸೆಯಿರಿ. ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಬೇಯಿಸುವುದು ತಪ್ಪು.

ನೈಟ್ರೈಟ್ ಬೆರೆತ ಉಪ್ಪನ್ನು ಗುರುತಿಗೆಂದು ಗುಲಾಬಿ ಬಣ್ಣದಲ್ಲಿ ಮಾರುತ್ತಾರೆ. ಅಂಗಡಿಯ ಗುಲಾಬಿ ಇಂದುಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಂದುಪ್ಪು ಹಾಕಿ ನೈಟ್ರೈಟಿನ ರಕ್ಷಣೆ ಸಿಕ್ಕಿತೆಂದು ತಿಳಿಯುವುದೂ, ನೈಟ್ರೈಟ್ ಉಪ್ಪನ್ನು ಅಡುಗೆ ಉಪ್ಪಿನಂತೆ ಹಾಕುವುದೂ ಎರಡೂ ಅಪಾಯ. ಫ್ರಿಜ್ಜಿನಲ್ಲೇ ಇಟ್ಟು, ಚೆನ್ನಾಗಿ ಬೇಯಿಸಿ ತಿನ್ನುವ ಈ ಕ್ರಮಕ್ಕೆ ಅದು ಬೇಕಿಲ್ಲ. ಗಾಳಿ ತೆಗೆದ ಕವರನ್ನು ಫ್ರಿಜ್ಜಿನಿಂದ ಹೊರಗೆ ಇಡುವುದಂತೂ ಕೂಡದು. ಬಾಟ್ಯುಲಿಸಂ ಎಂಬ, ಜೀವಕ್ಕೇ ಅಪಾಯವಾಗುವ ಆಹಾರವಿಷವನ್ನು ತರುವ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿಯಿಲ್ಲದ, ಬೆಚ್ಚಗಿನ ಜಾಗದಲ್ಲಿ.

ಬೇಯಿಸುವುದು

200 ಗ್ರಾಂ ತುಂಡಿನಲ್ಲಿ ಹತ್ತಿರ ಹತ್ತಿರ 6 ಗ್ರಾಂ ಉಪ್ಪಿರುತ್ತದೆ, ಅಂದರೆ ಒಂದು ಚಹಾ ಚಮಚ. ನಾಲ್ಕು ಜನರ ಸಾರಿಗೆ ಅಷ್ಟು ಸಾಕು. ಮಾಂಸವೇ ಅಡುಗೆಯ ಉಪ್ಪು ಎಂದುಕೊಳ್ಳಿ, ರುಚಿ ನೋಡದೆ ಹರಳುಪ್ಪು ಮುಟ್ಟಬೇಡಿ.

ಅವರೆ ಕಾಲದಲ್ಲಿ ಹಿತಕಿದ ಬೇಳೆಯ ಜೊತೆ ಇದಕ್ಕೆ ಸಮನಾದ ಅಡುಗೆ ಕಡಿಮೆ. ಬೇಳೆಗೆ ಕೊಬ್ಬು ಬೇಕು, ಕೊಬ್ಬಿಗೆ ಬೇಳೆಯ ಸಪ್ಪೆ ಬೇಕು. 200 ಗ್ರಾಂ ಮಾಂಸವನ್ನು ಬೆರಳುದ್ದ ಕತ್ತರಿಸಿ, ಎಣ್ಣೆ ಹಾಕದೆ, ತಣ್ಣನೆಯ ಕುಕ್ಕರಿನಲ್ಲೇ ಹಾಕಿ ಸಣ್ಣ ಉರಿಯಲ್ಲಿಡಿ. ಕೊಬ್ಬು ಕರಗಿ ಎರಡು ಚಮಚದಷ್ಟು ಎಣ್ಣೆ ಬಿಟ್ಟಾಗ ಹೆಚ್ಚಿದ ಈರುಳ್ಳಿ ಎರಡು, ಟೊಮೆಟೊ ಒಂದು ಹಾಕಿ ಬಾಡಿಸಿ. ಮೂರು ಲೋಟ ನೀರು ಸುರಿದು ನಾಲ್ಕು ವಿಷಲ್. ಒತ್ತಡ ಇಳಿದ ಮೇಲೆ ಅರ್ಧ ಹಿಡಿ ಕಾಯಿತುರಿ, ಒಂದು ಚಮಚ ಧನಿಯಾ, ಶುಂಠಿ, ಆರು ಎಸಳು ಬೆಳ್ಳುಳ್ಳಿ, ನಾಲ್ಕು ಹಸಿಮೆಣಸು, ಚಕ್ಕೆ, ಎರಡು ಲವಂಗ, ಕೊತ್ತಂಬರಿ ಸೊಪ್ಪು ರುಬ್ಬಿ ಬೆರೆಸಿ. 300 ಗ್ರಾಂ ಹಿತಕಿದ ಬೇಳೆ ಹಾಕಿ, ಮುಚ್ಚಳ ತೆರೆದೇ ಹತ್ತರಿಂದ ಹದಿನೈದು ನಿಮಿಷ ಕುದಿಸಿ. ಬೇಳೆಯನ್ನೂ ಕುಕ್ಕರಿಗೆ ಕೂಗಿಸಿದರೆ ಕರಗಿ ಅಂಬಲಿಯಾಗುತ್ತದೆ. ಬಿಸಿ ರಾಗಿಮುದ್ದೆಗೆ ಇದು ಹದವಾಗಿ ಹೊಂದುತ್ತದೆ, ಮುದ್ದೆಗೆ ಬೇರೆ ಉಪ್ಪು ಹಾಕಬೇಡಿ.

ಶಾಂಘೈ ಕಡೆ ವಸಂತದಲ್ಲಿ ಉಪ್ಪು ಮಾಂಸ, ಹಸಿ ಮಾಂಸ, ಎಳೆ ಬಿದಿರು ಮೂರನ್ನೂ ಸೇರಿಸಿ ನಿಧಾನಕ್ಕೆ ಕುದಿಸುವ ಸಾರಿಗೆ ಯಾನ್ ದು ಶ್ಯೆನ್ ಎನ್ನುತ್ತಾರೆ. ಮಳೆಗಾಲದಲ್ಲಿ ಮಲೆನಾಡು, ಕೊಡಗಿನ ಕಡೆಯಿಂದ ಕಳಲೆ ಬಂದಾಗ ಇಲ್ಲೂ ಮಾಡಬಹುದು. ಕಳಲೆಯನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಕುದಿಸಿ ನೀರು ಬಸಿದೇ ಬಳಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. 150 ಗ್ರಾಂ ಉಪ್ಪು ಮಾಂಸಕ್ಕೆ 250 ಗ್ರಾಂ ಹಸಿ ಮಾಂಸ, 200 ಗ್ರಾಂ ಕಳಲೆ, ಒಂದೂವರೆ ಲೀಟರ್ ನೀರು, ಶುಂಠಿ. ಮಾಂಸವೆರಡನ್ನೂ ಒಂದು ಗಂಟೆ ಕುದಿಸಿ, ಕಳಲೆ ಹಾಕಿ ಮತ್ತೆ ಅರ್ಧ ಗಂಟೆ. ಖಾರ, ಮಸಾಲೆ ಏನೂ ಬೇಡ.

ಹಬೆಯಲ್ಲಿ ಬೇಯಿಸುವುದಾದರೆ ಮೊದಲು ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ, ಇಡೀ ತುಂಡನ್ನು ಇಡ್ಲಿ ಪಾತ್ರೆಯಲ್ಲಿ 40 ನಿಮಿಷ ಇಡಿ. ಪೂರ್ತಿ ಆರಿದ ಮೇಲೆಯೇ ತೆಳ್ಳಗೆ ಕತ್ತರಿಸಿ, ಬಿಸಿಯಲ್ಲಿ ಕತ್ತಿ ಹಾಕಿದರೆ ಪದರ ಬಿಟ್ಟುಕೊಳ್ಳುತ್ತದೆ. ಈ ಹೋಳುಗಳನ್ನೇ ಬಾಣಲೆಯಲ್ಲಿ ಕೊಬ್ಬು ಬಿಡುವ ತನಕ ಹುರಿದು, ಈರುಳ್ಳಿ, ಕರಿಬೇವು, ಕುಟ್ಟಿದ ಮೆಣಸು ಹಾಕಿ, ಕೊನೆಗೆ ಅರ್ಧ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಚಿಮುಕಿಸಿದರೆ ಅಕ್ಕಿರೊಟ್ಟಿಗೆ ಜೋಡಿ. ಕಾಚಂಪುಳಿಯ ಹುಳಿ ಉಪ್ಪಿನ ಚುರುಕನ್ನು ತಗ್ಗಿಸುತ್ತದೆ. ಸೋಯಾ ಸಾಸ್ ಹಾಕಿದರೆ ಉಪ್ಪಿನ ಮೇಲೆ ಉಪ್ಪಾಗುತ್ತದೆ.

ಸಾರು ಉಪ್ಪಾಗಿದ್ದರೆ ಆಲೂಗಡ್ಡೆ ಹಾಕಿ ಕಾಯುವುದರಿಂದ ಆಗುವುದು ಅಷ್ಟಕ್ಕಷ್ಟೇ. ಒಂದಿಷ್ಟು ಸಾರು ತೆಗೆದಿಟ್ಟು ನೀರು ಬೆರೆಸಿ, ತೆಗೆದಿಟ್ಟದ್ದು ಮರುದಿನದ ಹುರುಳಿ ಸಾರಿಗಾಗುತ್ತದೆ.

ಉಳಿದ ಮಾಂಸವನ್ನು 200 ಗ್ರಾಂ ತುಂಡುಗಳಾಗಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿಡಿ, ಮೇಲೆ ತಾರೀಕು ಬರೆಯಿರಿ. ಎರಡು ತಿಂಗಳ ಒಳಗೆ ಮುಗಿಸಿ. ಉಪ್ಪಿರುವ ಕೊಬ್ಬು ಫ್ರೀಜರಿನಲ್ಲೂ ಬೇಗ ಕಮಟು ಹಿಡಿಯುತ್ತದೆ.